ನೋಟ ನಿಲ್ಲಿಸಿ ನೋವು ಹುಡುಕುವ ಬ್ರೈನ್‌ಸ್ಪಾಟಿಂಗ್

ಡೇವಿಡ್ ಗ್ರ್ಯಾಂಡ್ ನ್ಯೂಯಾರ್ಕಿನ ಮನೋಚಿಕಿತ್ಸಕ. 2003ರಲ್ಲಿ ಅವರು ಐಸ್ ಸ್ಕೇಟಿಂಗ್ ಕ್ರೀಡಾಪಟುವೊಬ್ಬರಿಗೆ ಇಎಂಡಿಆರ್ ಮಾದರಿಯಲ್ಲಿ, ಅಂದರೆ ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಆಘಾತದ ನೆನಪನ್ನು ಹಗುರಗೊಳಿಸುವ ಕ್ರಮದಲ್ಲಿ, ಚಿಕಿತ್ಸೆ ಕೊಡುತ್ತಿದ್ದರು. ಅತ್ತಿತ್ತ ಆಡುತ್ತಿದ್ದ ಬೆರಳನ್ನು ಹಿಂಬಾಲಿಸುತ್ತಿದ್ದ ಆಕೆಯ ಕಣ್ಣು ಒಂದು ಕಡೆ ಅದುರಿತು. ಗ್ರ್ಯಾಂಡ್ ಬೆರಳನ್ನು ಅಲ್ಲೇ ಹಿಡಿದರು. ಆವರೆಗೂ ಹೊರಬಾರದ ನೆನಪುಗಳು ಒಂದರ ಹಿಂದೊಂದು ಬಂದವು. ನೋಟವನ್ನು ಒಂದು ಬಿಂದುವಿನಲ್ಲಿ ನಿಲ್ಲಿಸಿ ಒಳಗಿನ ನೋವನ್ನು ಹುಡುಕುವ ಬ್ರೈನ್‌ಸ್ಪಾಟಿಂಗ್ ಚಿಕಿತ್ಸೆ ಹುಟ್ಟಿದ್ದು ಹೀಗೆ.

ಮೊದಲು, ಚಿಕಿತ್ಸೆ ಪಡೆಯುವವರು ತಮ್ಮನ್ನು ಕಾಡುವ ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳಬೇಕು. ಈಗ ಅದನ್ನು ನೆನೆದರೆ ಎಷ್ಟು ಕಳವಳ? 0ಯಿಂದ 10ರೊಳಗೆ ಒಂದು ಅಂಕ. ದೇಹದಲ್ಲಿ ಅದು ಎಲ್ಲಿದೆ? ಗಂಟಲಿನ ಬಿಗಿತವೋ, ಎದೆಯ ಭಾರವೋ, ಹೊಟ್ಟೆಯ ತಳಮಳವೋ. ಆಮೇಲೆ ಚಿಕಿತ್ಸಕರು ಪಾಯಿಂಟರ್ ಕಡ್ಡಿಯನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಎಡದಿಂದ ಬಲಕ್ಕೆ ಬಹು ನಿಧಾನವಾಗಿ ಸರಿಸುತ್ತಾರೆ. ಕಳವಳ ಎಲ್ಲಿ ಹೆಚ್ಚಿತೆಂದು ಎದುರಿನವರೇ ಹೇಳಬಹುದು. ಇಲ್ಲವೇ ಚಿಕಿತ್ಸಕರೇ ಕಂಡುಹಿಡಿಯಬೇಕು: ರೆಪ್ಪೆ ಪಟಪಟ ಬಡಿಯುವುದು, ಉಗುಳು ನುಂಗುವುದು, ಉಸಿರು ತಡೆಯುವುದು, ಹುಬ್ಬು ಮಿಡಿಯುವುದು. ಕಡ್ಡಿ ಅವಸರದಲ್ಲಿ ಓಡಿದರೆ ಇವೆಲ್ಲ ಕಣ್ತಪ್ಪುತ್ತವೆ. ಹೊಸಬರು ಎಡವುವುದೇ ಇಲ್ಲಿ. ಜಾಗ ಸಿಕ್ಕ ಮೇಲೆ ಅದೇ ಗೆರೆಯಲ್ಲಿ ಮೇಲೆ, ಕೆಳಗೆ ಸರಿಸಿ ಇನ್ನಷ್ಟು ನಿಖರಗೊಳಿಸುತ್ತಾರೆ.

ನಂತರ ಕಡ್ಡಿ ಅಲುಗುವುದಿಲ್ಲ. ನೋಟ ಅದರ ಮೇಲೆ, ಗಮನ ಒಳಗೆ. ಹೆಡ್‌ಫೋನಿನಲ್ಲಿ ಎಡಕಿವಿಯಿಂದ ಬಲಕಿವಿಗೆ ಹರಿದಾಡುವ ಮೆಲುದನಿಯ ಸಂಗೀತ ಇರುವುದೂ ಉಂಟು. ಚಿಕಿತ್ಸಕರು ಸುಮ್ಮನಿರಬೇಕು. ಪ್ರಶ್ನೆ ಕೇಳುತ್ತಾ ಹೋದರೆ ಎದುರಿನವರು ಅನುಭವವನ್ನು ಬಿಟ್ಟು ವಿವರಣೆಗೆ ಇಳಿಯುತ್ತಾರೆ. ಅಂಕ 0ಗೆ ಇಳಿದರೂ ಕೆಲಸ ಮುಗಿಯಲಿಲ್ಲ. ಅದೇ ಸಂಗತಿಯನ್ನು ಬೇಕೆಂದೇ ಕೆದಕಲು ಹೇಳುತ್ತಾರೆ. ಅಂಕ ಮತ್ತೆ ಏರಿದರೆ ಒಳಗೆ ಇನ್ನೂ ಉಳಿದಿದೆ ಎಂದರ್ಥ.

ತೀವ್ರ ಆಘಾತಕ್ಕೆ ಒಳಗಾದವರಲ್ಲಿ ಈ ಕ್ರಮ ಕೈಮೀರಬಹುದು. ಮಾತು ನಿಂತು, ನೋಟ ಶೂನ್ಯವಾಗಿ, ಕೈಕಾಲು ಮರಗಟ್ಟಿದಂತಾದರೆ ಅದನ್ನು ಶಾಂತಿ ಎಂದು ತಿಳಿಯಬಾರದು. ಮನಸ್ಸು ಅಲ್ಲಿಂದ ತಪ್ಪಿಸಿಕೊಂಡಿದೆ. ಆಗ ದೇಹದಲ್ಲಿ ನೆಮ್ಮದಿಯಾಗಿರುವ ಭಾಗವನ್ನು ಗುರುತಿಸಿ, ಅದಕ್ಕೆ ಹೊಂದುವ ಬೇರೊಂದು ನೋಟದ ಬಿಂದುವಿಗೆ ಸರಿಯಬೇಕು. ಕನ್ನಡಿ ಮುಂದೆ ಒಬ್ಬರೇ ಕೂತು ಮಾಡುವುದು ಬೇಡ ಎನ್ನುವುದೂ ಇದಕ್ಕೇ: ತಪ್ಪಿಸಿಕೊಂಡ ಮನಸ್ಸನ್ನು ಗಮನಿಸಲು ಅಲ್ಲಿ ಯಾರೂ ಇರುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ? ಪ್ರತಿಪಾದಕರು ಬೆರಳು ತೋರುವುದು ಮಧ್ಯಮೆದುಳಿನ ಸುಪೀರಿಯರ್ ಕಾಲಿಕ್ಯುಲಸ್ ಕಡೆಗೆ. ಕಣ್ಣನ್ನು ಗುರಿಯತ್ತ ತಿರುಗಿಸುವ ಈ ಭಾಗಕ್ಕೆ ಅಪಾಯ ಕಂಡಾಗ ಮೈ ಸೆಟೆಸುವ ಜಾಲದೊಂದಿಗೆ ನಂಟಿರುವುದು ನಿಜ. ಆದರೆ ಪ್ರತಿ ನೆನಪಿಗೂ ನೋಟದಲ್ಲಿ ತನ್ನದೇ ಬಿಂದುವಿದೆ ಎಂಬುದು ಇನ್ನೂ ಊಹೆ. ಇಎಂಡಿಆರ್‌ಗೆ ಕೊಡುವ ವಿವರಣೆಯೂ ಇಲ್ಲಿ ಸಲ್ಲದು: ಅಲ್ಲಿ ಕಣ್ಣಿನ ಓಡಾಟ ಕಾರ್ಯಸ್ಮೃತಿಗೆ (ಆ ಕ್ಷಣಕ್ಕೆ ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಗೆ) ಹೊರೆಯಾಗಿ ನೆನಪಿನ ಮೊನಚು ಕುಗ್ಗುತ್ತದೆ ಎನ್ನುತ್ತಾರೆ, ಇಲ್ಲಿ ಕಣ್ಣು ಓಡುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಆಘಾತೋತ್ತರ ಒತ್ತಡಕ್ಕೆ ಇಎಂಡಿಆರ್ ಹಾಗೂ ಯೋಚನೆ, ನಡವಳಿಕೆಗಳನ್ನು ಬದಲಿಸಲು ನೆರವಾಗುವ ಆಘಾತ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆಯನ್ನು ಶಿಫಾರಸು ಮಾಡಿತ್ತು. ಬ್ರೈನ್‌ಸ್ಪಾಟಿಂಗ್ ಮೇಲಿನ ಅಧ್ಯಯನಗಳು ಕಡಿಮೆ, ಬಹುತೇಕ ಚಿಕ್ಕವು. ಮೊದಲ ಆಯ್ಕೆಯಾಗಿ ಆ ಎರಡರಲ್ಲೊಂದನ್ನು ಕೇಳುವುದೇ ಲೇಸು.