ಸ್ತೋತ್ರ ಹೇಳು ಎನ್ನುವ ಮುನ್ನ

ಆಸ್ಪತ್ರೆಯಲ್ಲಿರುವ ರೋಗಿಗಳನ್ನೂ ಅವರ ಮನೆಯವರನ್ನೂ ಕಂಡು ಪ್ರಾರ್ಥಿಸುವುದು ಸಭಾಪಾಲಕನಾದ ನನ್ನ ಕೆಲಸಗಳಲ್ಲೊಂದು. ಸೇವೆಗೆ ಸೇರಿದ ಹೊಸದರಲ್ಲಿ, ತೀವ್ರನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ತಾಯಿಯ ಬಳಿಗೆ ಹೋಗಿದ್ದೆ. ಮಗು ತೀರಿಕೊಂಡು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅದರ ಮಣಿಕಟ್ಟಿನಿಂದ ತೆಗೆದ ಹೆಸರಿನ ಪಟ್ಟಿಯನ್ನು ಆಕೆ ತನ್ನ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. "ಇದು ದೇವರ ಚಿತ್ತ ಅಮ್ಮಾ, ಎಲ್ಲದಕ್ಕೂ ಸ್ತೋತ್ರ ಹೇಳಬೇಕು" ಎಂದೆ. ಆಕೆ ತಲೆಯೆತ್ತಿ, "ಇದಕ್ಕೂನಾ ಅಯ್ಯನವರೇ?" ಎಂದು ಕೇಳಿದರು. ಸ್ತೋತ್ರವೆಂದರೆ ನಮ್ಮ ಮಾತಿನಲ್ಲಿ ದೇವರಿಗೆ ಕೃತಜ್ಞತೆ ಹೇಳುವುದು. ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನ ನಾನು ಹೇಳಿದ್ದರಲ್ಲಿ ಸಿದ್ಧಾಂತದ ಪದಗಳಿದ್ದವು, ಸಿದ್ಧಾಂತವಿರಲಿಲ್ಲ. ದೇವರು ಸಾರ್ವಭೌಮನು, ಆತನ ಆಳ್ವಿಕೆಯ ಹೊರಗೆ ಯಾವುದೂ ನಡೆಯದು ಎಂದು ಕ್ರೈಸ್ತ ನಂಬಿಕೆ ಹೇಳುವುದು ನಿಜ. ಆದರೆ ನಡೆದದ್ದೆಲ್ಲ ಒಳ್ಳೆಯದು ಎಂದು ಅದು ಎಲ್ಲಿಯೂ ಹೇಳಿಲ್ಲ. ಬೈಬಲಿನ ಆದಿಕಾಂಡದಲ್ಲಿ, ತನ್ನನ್ನು ಗುಲಾಮನಾಗಿ ಮಾರಿದ ಅಣ್ಣಂದಿರಿಗೆ ಯೋಸೇಫನು ಆಡಿದ ಮಾತನ್ನು ಗಮನಿಸಿ: ನೀವು ನನಗೆ ಕೇಡನ್ನೇ ಕಲ್ಪಿಸಿದಿರಿ, ದೇವರು ಅದರಿಂದ ಮೇಲನ್ನು ಸಂಕಲ್ಪಿಸಿದನು. ಕೇಡು ಎಂಬ ಪದವನ್ನು ಆತ ಅಳಿಸಲಿಲ್ಲ. ಕೇಡಿನ ಹೊಣೆಯನ್ನು ದೇವರ ತಲೆಗೂ ಕಟ್ಟಲಿಲ್ಲ. ಯೆರೂಸಲೇಮಿನಲ್ಲಿ ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಯೇಸು ತಾನೇ ಪ್ರಶ್ನೆಯೆತ್ತಿ, ಅಲ್ಲವೆಂದು ಉತ್ತರಿಸಿದನು. ಹಾಗಿದ್ದರೆ ಗೋಪುರ ಬಿದ್ದದ್ದೇಕೆ ಎಂಬುದನ್ನು ಆತ ವಿವರಿಸಲಿಲ್ಲ. ನಾವಾದರೋ ಅದನ್ನೇ ಮೊದಲು ವಿವರಿಸಹೊರಡುತ್ತೇವೆ.

ಇಂಥ ವಿವರಣೆಗೆ ಏನಾಗುತ್ತದೆ ಎಂಬುದಕ್ಕೆ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡವನ ಕಥೆಯಾದ ಬೈಬಲಿನ ಯೋಬನ ಗ್ರಂಥವೇ ಸಾಕ್ಷಿ. "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಎಂಬ ಮೊದಲನೆಯ ಅಧ್ಯಾಯದ ಮಾತನ್ನು ಸಾವಿನ ಮನೆಯಲ್ಲಿ ಎಲ್ಲರೂ ಉದ್ಧರಿಸುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಅದೇ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುವುದನ್ನು ಯಾರೂ ಓದುವುದಿಲ್ಲ. ಅವನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನೊಡನೆ ಮೌನವಾಗಿ ಕುಳಿತಿದ್ದರು (ಅವರು ಮಾಡಿದ ಅತ್ಯುತ್ತಮ ಕೆಲಸ ಅದೊಂದೇ ಎಂದು ನನ್ನ ಅನಿಸಿಕೆ), ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ವಹಿಸಿದರು. ಕಡೆಯಲ್ಲಿ ದೇವರ ಕೋಪ ಉರಿದದ್ದು ದೇವರೊಡನೆ ವಾದಕ್ಕಿಳಿದವನ ಮೇಲಲ್ಲ, ಆತನನ್ನು ಸಮರ್ಥಿಸಲು ಹೊರಟವರ ಮೇಲೆ.

ಹಾಗಾದರೆ ಕೃತಜ್ಞತೆಗೆ ಎಡೆಯೆಲ್ಲಿ? ಥೆಸಲೋನಿಕದ ಸಭೆಯವರಿಗೆ ಅಪೊಸ್ತಲ ಪೌಲನು ಬರೆದ ಪತ್ರದ ಮಾತಿನಲ್ಲಿ ಕನ್ನಡದ ವಿಭಕ್ತಿಯೇ ನಮಗೆ ದಾರಿ ತೋರಿಸುತ್ತದೆ: ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ. ಗ್ರೀಕ್ ಮೂಲದಲ್ಲಿಯೂ ಅಲ್ಲಿರುವುದು 'ಒಳಗೆ' ಎಂಬರ್ಥದ ಪದವೇ. ಎಫೆಸದವರಿಗೆ ಬರೆದ ಪತ್ರದಲ್ಲಿ 'ಎಲ್ಲದಕ್ಕಾಗಿ' ಎಂದೂ ಇದೆಯಲ್ಲ ಎಂದು ಬಲ್ಲವರು ಕೇಳುತ್ತಾರೆ, ಕೇಳಬೇಕಾದದ್ದೇ. ಆದರೆ ಅಳುವವರ ಸಂಗಡ ಅಳಿರಿ ಎಂದು ರೋಮಾಪುರದವರಿಗೆ ಬರೆದದ್ದೂ ಪೌಲನೇ. ಅಳುವವರಿಂದ ಸ್ತೋತ್ರ ಹೇಳಿಸಿರಿ ಎಂದು ಆತ ಬರೆಯಲಿಲ್ಲ. ಪ್ರಾಟೆಸ್ಟಂಟ್ ಸಭೆಗಳು ನಂಬಿಕೆಯನ್ನು ಕಲಿಸಲು ಬಳಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರವು ಈ ವಿಷಯದಲ್ಲಿ ಇನ್ನೂ ನಾಜೂಕಾಗಿದೆ. ದೇವರು ತನ್ನ ಸೃಷ್ಟಿಯನ್ನು ಪಾಲಿಸುತ್ತಾನೆಂದು ತಿಳಿದುಕೊಂಡದ್ದರಿಂದ ನಮಗೇನು ಪ್ರಯೋಜನ ಎಂಬ 28ನೆಯ ಪ್ರಶ್ನೆಗೆ ಅದು ಕೊಡುವ ಉತ್ತರದಲ್ಲಿ ಕಷ್ಟದಲ್ಲಿ ತಾಳ್ಮೆಯಿದೆ, ಸುಖದಲ್ಲಿ ಕೃತಜ್ಞತೆಯಿದೆ, ಮುಂದಿನ ದಿನಗಳ ಬಗ್ಗೆ ಭರವಸೆಯಿದೆ. ದೇವರ ಸಾರ್ವಭೌಮತ್ವವನ್ನು ಅಷ್ಟು ಗಟ್ಟಿಯಾಗಿ ಹಿಡಿದವರೂ ಪೆಟ್ಟು ತಿಂದವನಿಂದ ಮೊದಲು ಕೇಳಿದ್ದು ತಾಳ್ಮೆಯನ್ನು, ಧನ್ಯವಾದವನ್ನಲ್ಲ.

ಆದರೂ ಕಷ್ಟದ ನಡುವೆ ಸ್ತೋತ್ರ ಹುಟ್ಟುವುದುಂಟು, ನಾನೇ ಕಣ್ಣಾರೆ ಕಂಡಿದ್ದೇನೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಪ್ರತಿ ಸಾರಿಯೂ ನಾವು ನೆನೆಯುವುದು ಯೇಸು ಹಿಡಿದುಕೊಡಲ್ಪಟ್ಟ ರಾತ್ರಿಯನ್ನು. ಆ ರಾತ್ರಿ ಆತ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದನು. ಸ್ತೋತ್ರ ಸಂದದ್ದು ತಂದೆಗೆ, ಆತನನ್ನು ಹಿಡಿದುಕೊಟ್ಟ ಶಿಷ್ಯ ಯೂದನ ದ್ರೋಹಕ್ಕಲ್ಲ. ಅದಾದ ಕೆಲವೇ ಗಂಟೆಗಳಲ್ಲಿ ಅದೇ ಬಾಯಿ, ಬರಲಿದ್ದ ಸಂಕಟವನ್ನು ಕುರಿತು, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡಿತು, ಮರುದಿನ ಶಿಲುಬೆಯ ಮೇಲೆ ಯಾಕೆ ಕೈಬಿಟ್ಟೆ ಎಂದು ಕೂಗಿತು. ಆಳುವವನು ಒಬ್ಬನಿದ್ದಾನೆಂದು ನಂಬಿದವನಿಗೆ ಮಾತ್ರ ಹಾಗೆ ಕೂಗಲು ಸಾಧ್ಯ; ದೂರು ಕೊಡಲು ಕೇಳುವವನೊಬ್ಬ ಬೇಕಲ್ಲವೇ?

ಈಗ ಆಸ್ಪತ್ರೆಗೆ ಹೋಗುವಾಗ ಬೈಬಲಿನಲ್ಲಿ 88ನೆಯ ಕೀರ್ತನೆಯ ಪುಟಕ್ಕೊಂದು ಗುರುತು ಇಟ್ಟುಕೊಂಡು ಹೋಗುತ್ತೇನೆ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಪದ ಕತ್ತಲೆ; ಅದರ ನಂತರ ಸಮಾಧಾನದ ಸಾಲಿಲ್ಲ. ಮನೆಯವರು ಬೇಕೆಂದರೆ ಅದನ್ನು ಓದುತ್ತೇನೆ, ಬೇಡವೆಂದರೆ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ. ಸ್ತೋತ್ರ ಹೇಳಿ ಎಂದು ನಾನಾಗಿ ಹೇಳುವುದಿಲ್ಲ. ಕೆಲವರು ತಿಂಗಳುಗಳ ಮೇಲೆ ತಾವಾಗಿ ಹೇಳಿದ್ದಾರೆ, ಕೆಲವರು ಇನ್ನೂ ಹೇಳಿಲ್ಲ.