ಕ್ಲೋರಿನ್ ಹಾಕದ ಕೊಳದಲ್ಲಿ ಮಕ್ಕಳು ಈಜಬಹುದಾ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಮನೆಯ ಜೊತೆಗೇ ಸಣ್ಣದೊಂದು ಹೋಂಸ್ಟೇ ನಡೆಸುತ್ತೇವೆ. ತೋಟದ ತಲೆಯಲ್ಲಿ ಚಿರೆಕಲ್ಲು ಕಟ್ಟಿದ ಹಳೇ ಹೊಂಡ ಇದೆ. ಅದನ್ನು ಸರಿಮಾಡಿ, ಔಷಧಿ ಹಾಕದೆ ಗಿಡಗಳಿಂದಲೇ ನೀರು ಶುದ್ಧವಾಗುವ ಈಜುಕೊಳ ಮಾಡಿಸಬೇಕು ಅಂತಿದ್ದೇವೆ. ಮಕ್ಕಳು ಅದರಲ್ಲಿ ಈಜಿದರೆ ಆರೋಗ್ಯಕ್ಕೆ ತೊಂದರೆ ಇದೆಯಾ?

ಉತ್ತರ: ಈಜಬಹುದು. ಆದರೆ ವರ್ಷದ ಎಲ್ಲ ದಿನವೂ ಅಲ್ಲ, ಎಷ್ಟು ಜನ ಬೇಕಾದರೂ ಅಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಈಜು ಕಲಿತದ್ದೂ ಇಂಥದ್ದೇ ಹೊಂಡದಲ್ಲಿ. ದೊಡ್ಡಪ್ಪ ಎರಡು ಒಣ ತೆಂಗಿನಕಾಯಿ ಜೋಡಿಸಿ ಸೊಂಟಕ್ಕೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಮೆಟ್ಟಿಲ ಮೇಲೆ ಕಾಲಿಟ್ಟು ಕೂತರೆ ಸಣ್ಣ ಮೀನುಗಳು ಬಂದು ಬೆರಳು ಕಚ್ಚುತ್ತಿದ್ದವು. ಮುಂದೆ ಊರು ಬಿಟ್ಟು ನೀಲಿ ಟೈಲ್ಸ್ ಹಾಕಿದ ಕೊಳಕ್ಕೆ ಇಳಿದಾಗ ಕಣ್ಣು ಕೆಂಪಾಯಿತು, ಕೂದಲು ತೆಂಗಿನ ನಾರಿನ ಹಾಗಾಯಿತು. ಅಂದಹಾಗೆ, ಆ ಕೊಳಗಳಲ್ಲಿ ಮೂಗಿಗೆ ಹೊಡೆಯುವ ವಾಸನೆ ಬರೀ ಕ್ಲೋರಿನ್ನಿನದಲ್ಲ. ಈಜುವವರ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ವಾಸನೆ ಅದು. ವಾಸನೆ ಜಾಸ್ತಿ ಇದ್ದಷ್ಟೂ ಕೊಳ ಗಲೀಜಾಗಿದೆ ಎಂದೇ ಅರ್ಥ.

ನೀವು ಹೇಳುವ ಬಗೆಯ ಕೊಳಗಳು ಶುರುವಾದದ್ದು ಆಸ್ಟ್ರಿಯಾದಲ್ಲಿ, 1980ರ ದಶಕದಲ್ಲಿ. ಒಂದೇ ಕೊಳದಲ್ಲಿ ಎರಡು ಭಾಗ. ಒಂದು ಕಡೆ ಈಜು, ಇನ್ನೊಂದು ಕಡೆ ಜಲ್ಲಿ ಮತ್ತು ನೀರಿನ ಗಿಡಗಳು. ಸಣ್ಣ ಪಂಪು ನೀರನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಾ ಇರುತ್ತದೆ. ಗಿಡಗಳೇ ನೀರು ತೊಳೆಯುತ್ತವೆ ಅಂದುಕೊಳ್ಳುತ್ತೇವೆ. ಹೆಚ್ಚಿನ ಕೆಲಸ ಮಾಡುವುದು ಜಲ್ಲಿಕಲ್ಲಿಗೆ ಅಂಟಿಕೊಂಡ ಲೋಳೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ನಮ್ಮಲ್ಲಿ ಸುಲಭವಾಗಿ ಬರುವ ಬಜೆ, ಆಪು, ತಾವರೆಯಂಥ ಗಿಡಗಳು ನೀರಿನಲ್ಲಿರುವ ಸಾರ ಎಳೆದುಕೊಂಡು ಪಾಚಿಗೆ ಊಟ ಸಿಗದ ಹಾಗೆ ಮಾಡುತ್ತವೆ. ನೀರು ತಿಳಿಯಾಗುವುದು ಹೀಗೆ.

ತಿಳಿಯಾದ ನೀರಿನಲ್ಲಿ ರೋಗಾಣು ಇಲ್ಲ ಅಂತ ಮಾತ್ರ ಹೇಳಲು ಬರುವುದಿಲ್ಲ. ಸರಿಯಾಗಿ ಕ್ಲೋರಿನ್ ಹಾಕಿದ ಕೊಳದಲ್ಲಿ, ಮಲದಿಂದ ನೀರಿಗೆ ಸೇರುವ ಇ. ಕೊಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ. ಗಿಡದ ಕೊಳದಲ್ಲಿ ಅದೇ ನೀರು ಜಲ್ಲಿಯ ಕಡೆಗೆ ಹೋಗಿ ಬರಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಭೇದಿಯಾಗುತ್ತಿರುವ ಒಂದು ಮಗುವಿನ ಪಕ್ಕದಲ್ಲಿ ಈಜುತ್ತಿರುವ ಇನ್ನೊಂದು ಮಗು ನಾಲ್ಕು ಗುಟುಕು ನೀರು ಕುಡಿದಿರುತ್ತದೆ. ಪಂಪಿನ ಜೊತೆ ಯುವಿ (ನೇರಳಾತೀತ ಕಿರಣದ) ದೀಪ ಹಾಕಿಸಿದರೂ ಅದು ಕೊಲ್ಲುವುದು ತನ್ನ ಮುಂದೆ ಹಾದುಹೋದ ನೀರಿನ ರೋಗಾಣುಗಳನ್ನು ಮಾತ್ರ.

ಅದಕ್ಕೇ ಹೊರದೇಶದಲ್ಲಿ ಜನರ ಲೆಕ್ಕ ಇಡುತ್ತಾರೆ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ 2015ರಲ್ಲಿ ಇಂಥ ಸಾರ್ವಜನಿಕ ಕೊಳ ತೆರೆದಾಗ ದಿನಕ್ಕೆ 163 ಜನರಿಗೆ ಮಾತ್ರ ಪ್ರವೇಶ ಇತ್ತು, ಕೊಳದ ಉದ್ದ 40 ಮೀಟರ್ ಇದ್ದರೂ. ನಿಮ್ಮ ಹೊಂಡ ಅದರ ಕಾಲುಭಾಗವೂ ಇರಲಿಕ್ಕಿಲ್ಲ. ಡಿಸೆಂಬರ್ ರಜೆಯಲ್ಲಿ ಎರಡು ಬಸ್ ಜನ ಬಂದು ಒಟ್ಟಿಗೇ ಇಳಿದರೆ ಯಾವ ಗಿಡವೂ ತಡೆದುಕೊಳ್ಳುವುದಿಲ್ಲ.

ಇನ್ನು ಮಳೆ. ನಮ್ಮ ಕಡೆಯ ಹೊಂಡಗಳ ದೊಡ್ಡ ತಾಪತ್ರಯ ಇದೇ. ಎರಡು ವರ್ಷದ ಹಿಂದೆ ಸ್ನೇಹಿತರ ತೋಟದಲ್ಲಿ ಇಂಥ ಕೊಳ ನೋಡಲು ಹೋಗಿದ್ದೆ. ತಳದ ಕಲ್ಲುಗಳನ್ನು ಎಣಿಸಬಹುದು, ಅಷ್ಟು ತಿಳಿ. ಅಣ್ಣನ ಮಗ ಆಗಲೇ ನೀರಿಗೆ ಹಾರಿದ್ದ. ಮೂರು ಗಂಟೆಗೆ ಜೋರು ಮಳೆ ಹೊಡೆಯಿತು. ಅರ್ಧ ಗಂಟೆ ಕಳೆಯುವುದರೊಳಗೆ ಮೇಲಿನ ಧರೆಯಿಂದ (ಕಡಿದಾದ ಮಣ್ಣಿನ ದಿಬ್ಬದಿಂದ) ಕಾಫಿ ಬಣ್ಣದ ನೀರಿನ ಎಳೆಯೊಂದು ಇಳಿದು ಕೊಳ ಸೇರಿತು. ಅದರ ಮೇಲೆ ಕರಡದ (ಒಣ ಹುಲ್ಲಿನ) ಎಸಳು ತೇಲುತ್ತಿತ್ತು. ತಲೆ ಎತ್ತಿ ನೋಡಿದರೆ ಧರೆಯ ಮೇಲೆ ಕೊಟ್ಟಿಗೆ, ಅದರ ಪಕ್ಕ ಗೊಬ್ಬರದ ಗುಂಡಿ. ಹುಡುಗನನ್ನು ಕೂಡಲೇ ಮೇಲಕ್ಕೆ ಕರೆದೆ. ಮಾರನೇ ದಿನ ಅವನಿಗೆ ಬಂದದ್ದು ಬರೀ ಕಿವಿನೋವು, ಅಷ್ಟಕ್ಕೇ ಮುಗಿಯಿತು.

ಗೊಬ್ಬರದ ನೀರಿನ ಜೊತೆ ಇನ್ನೊಂದಿದೆ. ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗಕ್ಕೆ ಅಂತ ತಾಮ್ರ ಇರುವ ಮೈಲುತುತ್ತು ಹೊಡೆಯುತ್ತೇವೆ, ಅಲ್ವಾ? ಆ ತಾಮ್ರ ಮಳೆನೀರಿನ ಜೊತೆ ಹೊಂಡಕ್ಕೆ ಇಳಿದರೆ ಮೀನು ಸಾಯುತ್ತದೆ. ಜಲ್ಲಿಯ ಮೇಲಿನ ಲೋಳೆಗೂ ಪೆಟ್ಟು. ನೀರು ತೊಳೆಯಬೇಕಾದ ಜೀವಿಗಳನ್ನೇ ನಾವು ಕೊಂದ ಹಾಗೆ.

ರೋಗಗಳಲ್ಲಿ ನಾನು ಮೊದಲು ಹೆದರುವುದು ಇಲಿ ಜ್ವರಕ್ಕೆ. ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ ಸೇರುವ ಈ ರೋಗಾಣು ಚರ್ಮದ ಸಣ್ಣ ಗಾಯ, ಕಣ್ಣು, ಬಾಯಿಯ ಮೂಲಕ ಒಳಗೆ ಹೋಗುತ್ತದೆ. ಗದ್ದೆ, ತೋಟದ ಕೆಲಸ ಮಾಡುವವರಿಗೆ ಹೊಸ ಹೆಸರಲ್ಲ. ಸಾಮಾನ್ಯವಾಗಿ 5ರಿಂದ 14 ದಿನ ಬಿಟ್ಟು ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತದೆ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ಗುಣವಾಗುತ್ತದೆ. ತಡವಾದರೆ ಕಿಡ್ನಿ, ಲಿವರ್‌ವರೆಗೂ ಹೋಗುತ್ತದೆ. ನಿಮ್ಮಲ್ಲಿಗೆ ಬರುವವರು ಅಷ್ಟರಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸ್ ಹೋಗಿರುತ್ತಾರೆ. ಅಲ್ಲಿನ ಡಾಕ್ಟರಿಗೆ ಹೊಂಡದ ವಿಷಯ ಗೊತ್ತಿರುವುದಿಲ್ಲ. ‘ಹದಿನೈದು ದಿನದೊಳಗೆ ಜ್ವರ ಬಂದರೆ ಕೆರೆ ನೀರಿನಲ್ಲಿ ಈಜಿದ್ದನ್ನು ಡಾಕ್ಟರಿಗೆ ಹೇಳಿ’ ಅಂತ ಹೊರಡುವಾಗ ದಯವಿಟ್ಟು ಹೇಳಿ ಕಳಿಸಿ.

ಎಲ್ಲರೂ ಕೇಳುವುದು ಮೆದುಳು ತಿನ್ನುವ ಅಮೀಬಾದ ಬಗ್ಗೆ. 2024 ಮತ್ತು 2025ರಲ್ಲಿ ಕೇರಳದಿಂದ ಬಂದ ಸುದ್ದಿಗಳ ನಂತರ ಆ ಭಯ ಸಹಜ. ನೆಗ್ಲೇರಿಯಾ ಫೌಲೆರಿ ಎಂಬ ಈ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ, ತಳದ ಕೆಸರಿನಲ್ಲಿ ಇರುತ್ತದೆ. ನೀರು ಕುಡಿದರೆ ಬರುವುದಿಲ್ಲ. ಮೂಗಿನೊಳಗೆ ನೀರು ನುಗ್ಗಿದರೆ ಅಲ್ಲಿಂದ ಮೆದುಳಿಗೆ ಹೋಗುತ್ತದೆ. ತೀರಾ ಅಪರೂಪ, ಆದರೆ ಬಂದರೆ ಬದುಕುವವರು ನೂರಕ್ಕೆ ಮೂರು ಜನರೂ ಇಲ್ಲ. 2024ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಹದಿನಾಲ್ಕು ವರ್ಷದ ಹುಡುಗನೊಬ್ಬ ಉಳಿದುಕೊಂಡ, ಬೇಗ ಪತ್ತೆ ಹಚ್ಚಿ ಚಿಕಿತ್ಸೆ ಶುರುಮಾಡಿದ್ದರಿಂದ. ಈಜಿದ ಒಂದೆರಡು ವಾರದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ಒಂದು ಗಂಟೆಯೂ ಕಾಯಬಾರದು. ಉಪ್ಪುನೀರಿನಲ್ಲಿ ಈ ಅಮೀಬಾ ಬದುಕುವುದಿಲ್ಲ. ಕಾರವಾರ, ಗೋಕರ್ಣದ ಸಮುದ್ರಕ್ಕೆ ಇಳಿಯುವವರಿಗೆ ಈ ಚಿಂತೆ ಬೇಡ. ಅಲ್ಲಿ ಹೆದರಬೇಕಾದದ್ದು ಅಲೆಗೆ.

ಕಿವಿ ಸೋಂಕು, ಬಸವನಹುಳುಗಳಿಂದ ಬರುವ ಮೈತುರಿಕೆ ಇವೆಲ್ಲ ಕಾಟ ಕೊಟ್ಟು ಹೋಗುತ್ತವೆ. ಈಜಿದ ತಕ್ಷಣ ಒಳ್ಳೇ ನೀರಿನಲ್ಲಿ ಮಿಂದು, ಕಿವಿ ಒರೆಸಿಕೊಂಡರೆ ಬಹಳಷ್ಟು ತಪ್ಪುತ್ತದೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟಿದ್ದರೆ ಮಾತ್ರ ಯಾರೂ ಇಳಿಯಬಾರದು. ಕೆಲವು ಪಾಚಿ ವಿಷ ಬಿಡುತ್ತವೆ.

ಯುರೋಪಿನವರ ನಕ್ಷೆಯನ್ನು ಹಾಗೇ ತಂದು ಇಲ್ಲಿ ಕಟ್ಟಿಸಬೇಡಿ ಅಂತ ಹೇಳುವುದು ಇದಕ್ಕೇ. ಅವರ ನೀರು ತಣ್ಣಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹೊಂಡಗಳ ನೀರು ಇಳಿದು, ಕಾದು, ತಳದ ಕೆಸರು ಮೇಲೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಧರೆಯ ನೀರಿನ ಕಾಲ. ನನ್ನ ಕೇಳಿದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಈಜಿಗೆ ಬಿಡಿ. ಮೇಲಿನಿಂದ ಅಬ್ಬಿ (ಝರಿ) ನೀರು ಸದಾ ಬಂದು ಬೀಳುವ ಹಾಗಿದ್ದರೆ, ಮೇಲೆ ಮರದ ನೆರಳೂ ಇದ್ದರೆ, ಏಪ್ರಿಲ್‌ಗೂ ನಡೆದೀತು.

ಪರೀಕ್ಷೆ ಮಾಡಿಸದೆ ಶುರುಮಾಡಬೇಡಿ. ಪಂಚಾಯಿತಿಯಲ್ಲಿ ಕುಡಿಯುವ ನೀರಿಗೆ ಕೊಡುವ ಸಣ್ಣ ಬಾಟಲಿ ನೋಡಿರಬಹುದು. ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಇದೆ ಅಂತ ಅರ್ಥ. ಹೊಂಡದ ನೀರಿಗೆ ಅದು ಸಾಲದು, ಯಾಕೆಂದರೆ ತೆರೆದ ನೀರು ಹೆಚ್ಚುಕಡಿಮೆ ಯಾವಾಗಲೂ ಕಪ್ಪಾಗುತ್ತದೆ. ನಿಮಗೆ ಬೇಕಾದದ್ದು ಎಣಿಕೆ. ಪ್ರಯೋಗಾಲಯಕ್ಕೆ ಕೊಟ್ಟು ಇ. ಕೊಲೈ ಎಷ್ಟಿದೆ ಅಂತ ಕೇಳಿ. ಜರ್ಮನಿಯಲ್ಲಿ ಇಂಥ ಕೊಳಗಳಿಗೆ 100 ಮಿಲಿಲೀಟರಿಗೆ 100ರ ಮಿತಿ ಇಟ್ಟಿದ್ದಾರೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ಸ್ನಾನದ ನೀರಿಗೆ ಹೇಳುವುದು ಅಷ್ಟೇ ನೀರಿನಲ್ಲಿ ಫೀಕಲ್ ಕೋಲಿಫಾರಂ (ಇ. ಕೊಲೈ ಸೇರಿದ, ಮಲದ ಬ್ಯಾಕ್ಟೀರಿಯಾಗಳ ಗುಂಪು) 500ರೊಳಗೆ ಇರಲಿ, 2,500 ದಾಟಲೇಬಾರದು ಅಂತ. ನೀವು 100ನ್ನೇ ಹಿಡಿಯಿರಿ. ಮಕ್ಕಳು ನೀರು ಕುಡಿಯದೆ ಈಜುವುದಿಲ್ಲ.

ಇಷ್ಟೆಲ್ಲ ರೋಗಾಣುಗಳಿಗಿಂತ ಹೆಚ್ಚು ಮಕ್ಕಳನ್ನು ಹೊಂಡಗಳು ಮುಳುಗಿಸಿಯೇ ಕೊಂಡೊಯ್ಯುತ್ತವೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಅಂಚು ನೋಡಿದ್ದೀರಲ್ಲ? ಪಾಚಿ ಹಿಡಿದ ಮೇಲೆ ಈಜು ಬರುವ ದೊಡ್ಡವರಿಗೂ ಹತ್ತಿ ಬರಲು ಕಷ್ಟ. ನಿಮ್ಮದಕ್ಕೆ ಚಿರೆಕಲ್ಲಿನ ಕಟ್ಟಡ ಇದೆ, ಅದೇ ಪುಣ್ಯ. ಪ್ಲಾಸ್ಟಿಕ್ ಹಾಸುವ ಯೋಚನೆ ಮಾಡಬೇಡಿ. ಮೆಟ್ಟಿಲು ಪಾಚಿ ಹಿಡಿಯದ ಹಾಗೆ ವಾರಕ್ಕೊಮ್ಮೆ ಉಜ್ಜಿಸಿ. ಒಂದು ಮೂಲೆಯಲ್ಲಿ ಮಕ್ಕಳ ಸೊಂಟದಷ್ಟೇ ಆಳ ಇರಲಿ. ಸುತ್ತ ಬೇಲಿ, ಬೀಗ ಹಾಕುವ ಗೇಟು, ಕೈಗೆ ಸಿಗುವ ಹಾಗೆ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬು ಇರಲಿ.

ಕೆಲಸಕ್ಕೆ ಈಗಲೇ ಕೈ ಹಾಕಬೇಡಿ. ಮೊದಲ ಜೋರು ಮಳೆ ಬಿದ್ದ ದಿನ ಕೊಡೆ ಹಿಡಿದು ಹೊಂಡದ ಸುತ್ತ ಒಂದು ಸಲ ನಡೆಯಿರಿ. ಕೆಂಪು ನೀರು ಎಲ್ಲೆಲ್ಲಿ ಒಳಗೆ ಇಳಿಯುತ್ತದೋ ಅಲ್ಲೆಲ್ಲ ಒಂದೊಂದು ಗೂಟ ಹೊಡೆಯಿರಿ. ಮಳೆಗಾಲ ಕಳೆದ ಮೇಲೆ ಆ ಗೂಟಗಳನ್ನು ಜೋಡಿಸುವ ಹಾಗೆ ಮೇಲ್ಗಡೆ ಒಂದು ಕಾಲುವೆ ತೋಡಿಸಿ, ನೀರನ್ನು ಹೊಂಡದಿಂದ ಆಚೆ ತಿರುಗಿಸಿ. ಜಲ್ಲಿ, ಗಿಡ, ಪಂಪಿನ ಮಾತು ಅದಾದ ಮೇಲೆ.