ಇಲಿಗೆ ಎಷ್ಟು ವಾರವಾಗಿತ್ತು?

ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಡೋಪಮೈನ್ ಕುರಿತ ಹೊಸ ಅಧ್ಯಯನ ಕೈಗೆ ಬಂದರೆ ನಾನು ಮೊದಲು ಫಲಿತಾಂಶ ಓದುವುದಿಲ್ಲ. ಪ್ರಯೋಗದ ವಿವರಗಳಿಗೆ ಹೋಗಿ, ಇಲಿ ಹುಟ್ಟಿ ಎಷ್ಟು ವಾರವಾಗಿತ್ತು ಎಂದು ಹುಡುಕುತ್ತೇನೆ. ಜೊತೆಯವರು ಇದನ್ನು ಚಾಳಿ ಎನ್ನುತ್ತಾರೆ. ಇರಬಹುದು. ಆದರೆ ಡೋಪಮೈನ್‌ಗೂ ನರಕೋಶಗಳ ಸುತ್ತಲಿನ ಕೋಶಗಳಿಗೂ ಇರುವ ನಂಟು ವಯಸ್ಸಿನೊಂದಿಗೆ ಬದಲಾಗುತ್ತದೆ.

ಮಿದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳಿಗೆ ಗ್ಲಿಯಾ ಎಂದು ಹೆಸರು. ಗ್ಲಿಯಾ ಎಂದರೆ ಅಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋವ್ ಅವುಗಳನ್ನು ಬರಿಯ ಅಂಟೆಂದೇ ತಿಳಿದಿದ್ದರು. ಹೆಸರು ಉಳಿಯಿತು, ಅಭಿಪ್ರಾಯ ಉಳಿಯಲಿಲ್ಲ.

ಇವುಗಳಲ್ಲಿ ನಕ್ಷತ್ರದಂತೆ ಕವಲೊಡೆದಿರುವ ಆಸ್ಟ್ರೋಸೈಟ್ ಡೋಪಮೈನ್‌ಗೆ ಸ್ಪಂದಿಸುವುದನ್ನು ನೋಡಲು ತಾಳ್ಮೆ ಬೇಕು. ಸ್ಪಂದಿಸುವಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ; ಹಾಗೆ ಏರಿದಾಗ ಬೆಳಗುವ ಪ್ರೋಟೀನನ್ನು ಕೋಶಕ್ಕೆ ಸೇರಿಸಿ, ಮಿದುಳಿನ ತೆಳುವಾದ ಹೋಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಡೋಪಮೈನ್ ಹರಿಸುತ್ತೇವೆ. ಕೆಲವು ಸೆಕೆಂಡು ಎಲ್ಲವೂ ಕಪ್ಪು. ಆಮೇಲೆ ಸಣ್ಣ ಕವಲೊಂದರ ತುದಿಯಲ್ಲಿ ಬೆಳಕು ಮಿನುಗಿ, ಒಡಲಿಗೆ ಹರಡಿ, ಮೆಲ್ಲನೆ ಆರುತ್ತದೆ. ಬಯಕೆ, ಪ್ರೇರಣೆಗಳಿಗೆ ಸಂಬಂಧಿಸಿದ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಮಿದುಳಿನ ಭಾಗದಲ್ಲಿ ಈ ಕೆಲಸ ಡಿ1 ಗ್ರಾಹಕದ, ಅಂದರೆ ಡೋಪಮೈನನ್ನು ಹಿಡಿಯುವ ಒಂದು ಬಗೆಯ ಪ್ರೋಟೀನಿನ, ಮೂಲಕ ನಡೆಯುತ್ತದೆ. ಬೆಳಗಿದ ಕೋಶ ಎಟಿಪಿ ಎಂಬ ಅಣುವನ್ನು ಹೊರಬಿಡುತ್ತದೆ, ಅದು ಅಡಿನೋಸಿನ್ ಎಂಬ ಇನ್ನೊಂದು ಅಣುವಾಗಿ ಅಕ್ಕಪಕ್ಕದ ನರಸಂಧಿಗಳ, ಅಂದರೆ ನರಕೋಶಗಳು ಸಂದೇಶ ದಾಟಿಸುವ ತಾಣಗಳ, ಸದ್ದಡಗಿಸುತ್ತದೆ. ಡೋಪಮೈನ್ ಎಂದರೆ ಸುಖದ ರಾಸಾಯನಿಕ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ಅಡಗಿಸುವ ಕೆಲಸವನ್ನು ಎಲ್ಲಿಡುತ್ತಾರೋ ನಾನು ಕಾಣೆ.

ಇನ್ನು ವಯಸ್ಸಿನ ಮಾತು. ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕ ರಾಸಾಯನಿಕದ ವಿಷಯದಲ್ಲಿ ನಮ್ಮ ಕ್ಷೇತ್ರ ಒಮ್ಮೆ ಎಡವಿದೆ. ಎರಡು-ಮೂರು ವಾರದ ಮರಿಗಳಲ್ಲಿ ಕಂಡ ಆಸ್ಟ್ರೋಸೈಟ್ ಗ್ರಾಹಕವೊಂದರ ಮೇಲೆ ವರ್ಷಗಟ್ಟಲೆ ಸಿದ್ಧಾಂತ ಕಟ್ಟಿದೆವು. ಆ ಗ್ರಾಹಕ ಬೆಳೆದ ಪ್ರಾಣಿಯಲ್ಲಿ ಬಹುಮಟ್ಟಿಗೆ ಮಾಯವಾಗಿರುತ್ತದೆ ಎಂಬುದು 2013ರಲ್ಲಿ ಹೊರಬಿತ್ತು. ಡೋಪಮೈನ್ ಗ್ರಾಹಕಗಳೂ ವಯಸ್ಸಿನೊಂದಿಗೆ ಕದಲದೆ ಇರುವುದಿಲ್ಲ. ಹರೆಯದ ಗಂಡು ಇಲಿಗಳಲ್ಲಿ ಮೈಕ್ರೋಗ್ಲಿಯಾ ಎಂಬ ಇನ್ನೊಂದು ಬಗೆಯ ಗ್ಲಿಯಾ ಡಿ1 ಗ್ರಾಹಕಗಳನ್ನು ನುಂಗಿ ಕಡಿಮೆ ಮಾಡುತ್ತದೆ. ಅದನ್ನು ತಡೆದರೆ ಇಲಿಗಳು ಒಟ್ಟಿಗೆ ಆಡುವ ರೀತಿಯೇ ಬದಲಾಗುತ್ತದೆ. ಹೆಣ್ಣು ಇಲಿಗಳಲ್ಲಿ ಅದು ಡಿ1 ತಂಟೆಗೆ ಹೋಗುವುದಿಲ್ಲ.

ಮುಪ್ಪಿನಲ್ಲಿ ಚಿತ್ರ ಮತ್ತೆ ತಿರುಗುತ್ತದೆ. ಡೋಪಮೈನನ್ನು ಒಡೆಯುವ ಎಂಎಒ-ಬಿ ಕಿಣ್ವ ಹೆಚ್ಚಾಗಿ ಇರುವುದೇ ಆಸ್ಟ್ರೋಸೈಟ್‌ಗಳಲ್ಲಿ, ಮತ್ತು ಅದು ವಯಸ್ಸಾದಂತೆ ಏರುತ್ತದೆ. ಡೋಪಮೈನ್ ಕೋಶಗಳು ಸಾಯುತ್ತ ಹೋಗುವ ಪಾರ್ಕಿನ್ಸನ್ ಕಾಯಿಲೆಯ ರೋಗಿಗಳಿಗೆ ನೀಡುವ ಸೆಲೆಜಿಲಿನ್, ರಸಾಜಿಲಿನ್ ಮಾತ್ರೆಗಳು ತಡೆಯುವುದು ಇದೇ ಕಿಣ್ವವನ್ನು.

ಇಲಿಗಳಲ್ಲಿ ಪಾರ್ಕಿನ್ಸನ್ ಲಕ್ಷಣ ಬರಿಸಲು ಎಂಪಿಟಿಪಿ ಎಂಬ ವಸ್ತುವನ್ನು ಚುಚ್ಚುತ್ತಾರೆ. ಅದು ತಾನಾಗಿ ಡೋಪಮೈನ್ ಕೋಶಗಳನ್ನು ಕೊಲ್ಲುವುದಿಲ್ಲ. ಆಸ್ಟ್ರೋಸೈಟ್‌ನೊಳಗೆ ಎಂಎಒ-ಬಿ ಅದನ್ನು ವಿಷವಾಗಿ ಮಾರ್ಪಡಿಸಬೇಕು. ಮುದಿ ಇಲಿಗೆ ಇದರ ಪೆಟ್ಟು ಹೆಚ್ಚು. ಆದರೂ ಅರುವತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ ಈ ರೋಗದ ಪ್ರಯೋಗಗಳಿಗೆ ಸಾಮಾನ್ಯವಾಗಿ ಆರಿಸುವುದು ಎಂಟು-ಹತ್ತು ವಾರದ, ಆಗಷ್ಟೇ ಪ್ರಾಯಕ್ಕೆ ಬಂದ ಇಲಿಯನ್ನು.